ಹೂವಿನ ಕವರಿನಡಿಯ ಮುಗ್ಗಲು

"ಎನ್ನ ಸಾರ್, ಮಳೈಲೆ ನನೆಂಜೀಂಗಳಾ?"

ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿಯ ತಮಿಳು ಮೇಷ್ಟ್ರು ಕೇಳಿದರು. ಮಳೆಯಲ್ಲಿ ನೆನೆದಿರಾ ಅಂತ. ಹೊರಗೆ ಹೊಸೂರಿನ ಬಿಸಿಲು ಧಗಧಗ. ನನ್ನ ಷರ್ಟು ಅವತ್ತೇ ಇಸ್ತ್ರಿ ಆದದ್ದು. ಆದರೂ ಮುಗ್ಗಲು ವಾಸನೆ!

ಮನೆಗೆ ಬಂದು ತನಿಖೆ. (ಗಂಡಸರ ತನಿಖೆ ಗೊತ್ತಲ್ಲ, ಎದುರಿಗೆ ಸಿಕ್ಕವರ ಮೇಲೆ ಹಾಕೋದು.) ಸಿಕ್ಕವಳು ಪಾಪಮ್ಮ. ಆರು ವರ್ಷದಿಂದ ಕೆಲಮಂಗಲದ ಬಸ್ಸು ಹಿಡಿದು ಬಂದು ನಮ್ಮ ಮನೆಗೆಲಸ ಮಾಡೋಳು. ವಾಷಿಂಗ್ ಮಿಷಿನ್ನಿಂದ ಬಟ್ಟೆ ತೆಗೆದು ಒಣಹಾಕಿ ಮಡಿಸೋದೂ ಅವಳೇ. ಊರಲ್ಲಿ ಎರಡು ಹಸು ಕಟ್ಟಿದ್ದಾಳೆ.

"ನಿನ್ನ ಸೀರೆಯ ಕೊಟ್ಟಿಗೆ ವಾಸನೆ ಬಟ್ಟೆಗೆ ಹತ್ತುತ್ತಿದೆ ಕಣಮ್ಮ," ಅಂದೆ. ಅಂದೇಬಿಟ್ಟೆ.

"ನಂದಾ ಸಾ?" ಸೆರಗು ಮೂಸಿ ನೋಡಿಕೊಂಡಳು. "ಸ್ನಾನ ಮಾಡ್ಕೊಂಡೇ ಬತ್ತೀನಲ್ಲ... ಮಿಷಿನ್ ಬಾಗ್ಲು ಒಸಿ ತೆಗ್ದಿಡಿ ಅಂತ ಅಮ್ಮಂಗೆ ಆವತ್ತೇ ಅಂದೆ. ಹಾಲಿನ ಪಾತ್ರೆ ತೊಳ್ದು ಬೋರಲಾಕ್ದೆ, ಒದ್ದೇಲೇ ಮುಚ್ಚಿಟ್ರೆ ನಾರಲ್ವಾ?"

"ತೆಗೆದಿಟ್ಟರೆ ಹಲ್ಲಿ ಒಳಗೆ ಹೋಗತ್ತೆ," ಅಂದಳು ನನ್ನಾಕೆ. ಒಗೆತ ಮುಗಿದ ಕೂಡಲೇ ನಮ್ಮ ಮಿಷಿನ್ನಿನ ಬಾಗಿಲು ಬಂದ್. ಮೇಲೆ ಹೂವಿನ ಪ್ಲಾಸ್ಟಿಕ್ ಕವರು. (ಫ್ರಿಜ್ಜಿಗೂ ಇದೆ. ರಿಮೋಟಿಗೂ ಇದೆ.)

ಮರುದಿನದಿಂದ ಪಾಪಮ್ಮ ಬರಲಿಲ್ಲ. ಎರಡು ವಾರ ಬಟ್ಟೆ ಒಣಹಾಕಿ ಮಡಿಸಿದವನು ನಾನೇ. ವಾಸನೆ ಹೋಯಿತಾ? ಹೆಚ್ಚಾಯಿತು! ಈಗ ಯಾರ ಮೇಲೆ ಹಾಕೋಣ?

ಕಡೆಗೆ ಟಾರ್ಚು ಹಿಡಿದು ಮಿಷಿನ್ ಮುಂದೆ ಮಂಡಿಯೂರಿದೆ. ಬಾಗಿಲ ಸುತ್ತಿನ ರಬ್ಬರು ಅಗಲಿಸಿದರೆ ನಿಂತ ನೀರು, ಕರೀ ಲೋಳೆ, ನನ್ನದೇ ಒಂದು ಕರ್ಚೀಫು. ಪೌಡರಿನ ಡ್ರಾಯರಿನಲ್ಲಿ ಬೂಷ್ಟು. (ನೊರೆ ಹೆಚ್ಚಾದರೆ ಕೊಳೆ ಜಾಸ್ತಿ ಹೋಗತ್ತೆ ಅಂತ ಎರಡು ಚಮಚ ಹೆಚ್ಚಿಗೆ ಸುರೀತಿದ್ದವನೂ ನಾನೇ.) ಎಲ್ಲ ಉಜ್ಜಿದೆ. ಕೆಳಗಿನ ಫಿಲ್ಟರ್ ತೊಳೆದೆ. ಬಟ್ಟೆ ಹಾಕದೆ ಬಿಸಿನೀರಲ್ಲಿ ಒಂದು ಸುತ್ತು ಓಡಿಸಿ, ಬಾಗಿಲು ತೆರೆದಿಟ್ಟೆ. ಕವರು ಅಟ್ಟಕ್ಕೆ ಹೋಯಿತು. ಮೂರನೇ ಒಗೆತಕ್ಕೆ ವಾಸನೆ ಮಾಯ.

ಭಾನುವಾರ ಕೆಲಮಂಗಲಕ್ಕೆ ಹೋದೆ.

"ತಪ್ಪು ನಂದು ಪಾಪಮ್ಮ. ಮಿಷಿನ್ನೇ ನಾರ್ತಿತ್ತು."

"ಹೋಗ್ಲಿ ಬಿಡಿ ಸಾ, ನಾಳೆ ಬತ್ತೀನಿ. ಹಲ್ಲಿ ಹೋಯ್ತಾ ಒಳಕ್ಕೆ?" ಅಂತ ನಕ್ಕಳು.

ಬಂದಳು. ಬಾಗಿಲು ಈಗ ತೆರೆದೇ ಇರತ್ತೆ, ಹಲ್ಲಿಯೇನೂ ಬಂದಿಲ್ಲ. ಆದರೆ ದಿನಾ ಬೆಳಿಗ್ಗೆ ಪಾಪಮ್ಮ ಗೇಟಿನ ಹತ್ತಿರ ಒಂದು ಗಳಿಗೆ ನಿಂತು, ಸೆರಗು ಮೂಸಿಕೊಂಡೇ ಒಳಗೆ ಬರುತ್ತಾಳೆ.

ನಾನು ಹತ್ತಿಸಿದ ಆ ವಾಸನೆ ತೆಗೆಯೋಕೆ ಎಷ್ಟು ಬಿಸಿನೀರು ಬೇಕು?