ಸೊಸೆಯ ಫೋನಿಗೆ ಏನೇನು ಹಾಕಿಸಿದೆವು

ಹೊಸ ಫೋನು ತಂದವರು ನಮ್ಮ ಕೇರಿಯಲ್ಲಿ ಈಗ ನನ್ನನ್ನು ಕೇಳುತ್ತಾರೆ, ಯಾವ ಯಾವ ಆ್ಯಪ್ ಹಾಕಿಸಿಕೊಳ್ಳಬೇಕು ಅಂತ. ನಾನು ಓದಿದ್ದು ಮೂರನೇ ಕ್ಲಾಸು. ಕೇಳುವವರಿಗೂ ಅದು ಗೊತ್ತು. ಆದರೂ ಕೇಳುತ್ತಾರೆ, ಯಾಕೆಂದರೆ ಯಾವುದು ಬೇಡ ಎಂದು ಹೇಳಲಿಕ್ಕೆ ನನಗೆ ಮುಲಾಜಿಲ್ಲ. ಇದು ಶುರುವಾದದ್ದು ನನ್ನ ಸೊಸೆಯ ಫೋನಿನಿಂದ.

ಹಂಗಾರಕಟ್ಟೆಯಲ್ಲಿ, ಹೊಳೆ ಸಮುದ್ರ ಸೇರುವ ಹತ್ತಿರ, ನಮ್ಮದು ದಂಡೆಯ ಮನೆ. ಮಗ ಬೋಟಿಗೆ ಹೋಗುವವನು, ಹೋದರೆ ಹತ್ತು ದಿನ ಮುಖ ಕಾಣುವುದಿಲ್ಲ. ನಾನೂ ಸೊಸೆಯೂ ಮಳಿ ಹೆಕ್ಕುವವರು. ಮಳಿ ಅಂದರೆ ಚಿಪ್ಪಿಕಲ್ಲು, ಒಳಗಿನ ಮಾಂಸ ತಿನ್ನುವಂಥದ್ದು. ಹೊಳೆಯ ನಡುವೆ ಒಂದು ಮರಳ ದಿಬ್ಬ ಉಂಟು, ನೀರು ಇಳಿದಾಗ ಮಾತ್ರ ಮೇಲೆ ಕಾಣುತ್ತದೆ. ದಂಡೆಗೂ ದಿಬ್ಬಕ್ಕೂ ನಡುವೆ ಒಂದು ಆಳ. ಇಳಿತದಲ್ಲಿ ಅಲ್ಲಿ ತೊಡೆಮಟ್ಟ ನೀರು, ಭರತದಲ್ಲಿ ಆಳು ಮುಳುಗುವಷ್ಟು. ಅದನ್ನು ದಾಟಿ ಹೋಗಬೇಕು, ಬಗ್ಗಿ ಕೈಯಿಂದ ಮರಳು ಕೆದಕಿ ಬುಟ್ಟಿ ತುಂಬಿಸಬೇಕು, ನೀರು ಏರುವ ಮೊದಲು ತಿರುಗಿ ಬರಬೇಕು. ಕೆಲಸ ಇಷ್ಟೇ. ಆದರೆ ಬಗ್ಗಿದವರಿಗೆ ಕಣ್ಣೆದುರಿನ ಮರಳು ಕಾಣುತ್ತದೆಯೇ ಹೊರತು ಬೆನ್ನ ಹಿಂದೆ ಆಳ ತುಂಬುವುದು ಕಾಣುವುದಿಲ್ಲ.

ಹೊತ್ತೆಲ್ಲ ನನ್ನ ತಲೆಯಲ್ಲಿತ್ತು. ಅಮಾಸೆ, ಹುಣ್ಣಿಮೆಗೆ ಸಂಜೆ ಬಿಸಿಲು ಕೆಂಪಾಗುವಾಗ ನೀರು ಪೂರ್ತಿ ಇಳಿಯುತ್ತದೆ. ಆಮೇಲೆ ದಿನಕ್ಕೆ ಎರಡು ಗಳಿಗೆ, ಅಂದರೆ ಮುಕ್ಕಾಲು ಗಂಟೆಯ ಮೇಲೆ ಸ್ವಲ್ಪ, ತಡವಾಗುತ್ತಾ ಹೋಗುತ್ತದೆ. ನನ್ನ ಅತ್ತೆ ಹೇಳಿಕೊಟ್ಟ ಲೆಕ್ಕ. ನಲವತ್ತು ವರ್ಷ ಅದರ ಮೇಲೆ ಹೋಗಿ ಬಂದೆ.

ಆಮೇಲೆ ಮೊಣಕಾಲು ಹೋಯಿತು. ಬ್ರಹ್ಮಾವರದ ಡಾಕ್ಟರು ಇನ್ನು ಬಗ್ಗುವ ಕೆಲಸ ಬೇಡ ಅಂದರು. ದಿಬ್ಬಕ್ಕೆ ಸೊಸೆ ಒಬ್ಬಳೇ ಹೋಗಬೇಕಾಯಿತು. ಅವಳು ಅಮಾಸೆಬೈಲಿನವಳು. ಗುಡ್ಡ ಗೊತ್ತು, ಜಿಗಣೆ ಗೊತ್ತು, ಉಪ್ಪುನೀರು ಗೊತ್ತಿಲ್ಲ. ಮದುವೆಯಾಗಿ ಬಂದ ವಾರ, ಹೊಳೆ ಮೇಲ್ಮುಖವಾಗಿ ಹರಿಯುವುದನ್ನು ಕಂಡು ಹೆದರಿ ಒಳಗೆ ಓಡಿ ಬಂದಿದ್ದಳು. ಈಜು ಕಲಿಸಲಿಕ್ಕೆ ನೋಡಿದೆ, ಕಲ್ಲಿನ ಹಾಗೆ ಮುಳುಗುತ್ತಾಳೆ. ಕೆಲಸದಲ್ಲಿ ಮಾತ್ರ ನನಗಿಂತ ಚುರುಕು. ನಾನು ಬೆಳಿಗ್ಗೆ ಹೊತ್ತು ಹೇಳುವುದು, ಅವಳು ಹೋಗುವುದು, ಹೀಗೆ ನಡೆಯುತ್ತಿತ್ತು. ಆದರೆ ನನಗೆ ವಯಸ್ಸಾಯಿತು. ಎರಡು ಸಲ ತಿಥಿ ತಪ್ಪಿ ಹೇಳಿದೆ. ಒಂದು ಸಲ ಅವಳು ಕುತ್ತಿಗೆಯವರೆಗೆ ಒದ್ದೆಯಾಗಿ ಬಂದಳು. ಸೀರೆ ಹಿಂಡಿ ಹಗ್ಗಕ್ಕೆ ಹಾಕಿದಳು. ನನಗೆ ಆ ದಿನ ಊಟ ಸೇರಲಿಲ್ಲ.

ಅದೇ ವರ್ಷ ಬೊಂಬಾಯಿಯ ಹೋಟೆಲಿನಲ್ಲಿರುವ ಅವಳ ಅಣ್ಣ ಊರಿಗೆ ಬಂದಾಗ ತಾನು ಬಳಸಿದ ಒಂದು ಫೋನು ಕೊಟ್ಟು ಹೋದ, ಗಾಜು ಉಜ್ಜುವಂಥದ್ದು. ನನ್ನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಸಣ್ಣದು. ತೊಂಬತ್ತೇಳನೇ ಇಸವಿಯ ಹೊತ್ತಿಗೆ ನಮ್ಮ ಕೇರಿಗೆಲ್ಲ ಸೇರಿ ಅಂಗಡಿಯಲ್ಲಿ ಒಂದೇ ಫೋನಿತ್ತು, ಅದರಲ್ಲಿ ಮಾತಾಡುವುದು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಆದ ಕಾರಣ ಇದರ ಹೊಟ್ಟೆಯಲ್ಲಿ ಏನೆಲ್ಲ ಉಂಟು ಎಂದು ನೋಡುವ ಆಸೆ ಸೊಸೆಗಿಂತ ನನಗೇ ಹೆಚ್ಚು.

ನನ್ನ ಮಗಳ ಮಗಳು ಆಗ ಕಾಲೇಜಿಗಾಗಿ ನಮ್ಮಲ್ಲೇ ಇದ್ದಳು. ಫೋನಿಗೆ ಆ್ಯಪ್ ಹಾಕುವ ಯಜಮಾನಿಕೆ ಅವಳದ್ದು. ಒಂದು ಸಂಜೆಯಲ್ಲಿ ಇಪ್ಪತ್ತು ಹಾಕಿದಳು. ಒಂದರಲ್ಲಿ ಮಿಠಾಯಿ ಒಡೆಯುವ ಆಟ. ಇನ್ನೊಂದರಲ್ಲಿ ದಿಕ್ಕು ತೋರಿಸುವ ಮುಳ್ಳು, ಅದನ್ನು ಹಿಡಿದು ನಾನು ಅಂಗಳದಲ್ಲಿ ನಾಲ್ಕು ಸುತ್ತು ತಿರುಗಿದೆ, ಮುಳ್ಳು ಜಗ್ಗಲಿಲ್ಲ, ಮೆಚ್ಚಿದೆ. ಒಂದು ಮುಖ ಬೆಳ್ಳಗೆ ಮಾಡುವಂಥದ್ದು. ನನ್ನ ಮುಖ ಅದರಲ್ಲಿ ಸುಣ್ಣ ಬಳಿದ ಗೋಡೆಯ ಹಾಗಾಯಿತು, ಹಲ್ಲು ಇಲ್ಲದ್ದು ಮಾತ್ರ ಹಾಗೇ ಉಳಿಯಿತು. ಮರುದಿನ ಫೋನು ಮುಷ್ಕರ ಹೂಡಿತು, ಒಳಗೆ ಜಾಗ ಇಲ್ಲವಂತೆ. ಐದೋ ಆರೋ ಉಳಿಸಿಕೊಂಡು ಮಿಕ್ಕದ್ದು ತೆಗೆಯಬೇಕು ಅಂದಳು ಮೊಮ್ಮಗಳು.

ನಾನು ಒಂದೊಂದನ್ನೇ ಕೇಳಿದೆ, ಇದು ಇಲ್ಲದಿದ್ದರೆ ಇವಳಿಗೆ ಏನು ನಷ್ಟ ಅಂತ. ಜಾತಕ ಹೇಳುವುದು ಹೋಯಿತು. ಬೆಳ್ಳಗೆ ಮಾಡುವುದು ಹೋಯಿತು. ಆಟವನ್ನು ತೆಗೆಯುವಾಗ ಮೊಮ್ಮಗಳ ಮೋರೆ ಊದಿತು, ಅದು ಯಾರಿಗಾಗಿ ಹಾಕಿದ್ದು ಎಂದು ಆಗ ತಿಳಿಯಿತು. ಬ್ಯಾಟರಿ ಲೈಟು ಉಳಿಯಿತು. ಅಲಾರಂ ಉಳಿಯಿತು. ವಾಟ್ಸಾಪ್ ಉಳಿಯಿತು, ಯಾಕೆಂದರೆ ಅದರಲ್ಲಿ ಬರೆಯಬೇಕೆಂದಿಲ್ಲ, ಒತ್ತಿ ಹಿಡಿದು ಮಾತಾಡಿ ಕಳಿಸಬಹುದು. ಆಗ ನಾನು ಹಂಗಿಸುವ ಹಾಗೆಯೇ ಕೇಳಿದೆ:

"ಅಷ್ಟೆಲ್ಲ ಇತ್ತಲೆ, ನಮ್ಮ್ ಹೊಳಿ ನೀರ್ ಯಾವಾಗ ಇಳಿತ್ ಅಂದೇಳಿ ಹೇಳುದ್ ಇತ್ತಾ?"

"ಇತ್ತಜ್ಜಿ," ಅಂದಳು. ಎರಡು ನಿಮಿಷದಲ್ಲಿ ತೆಗೆದು ತೋರಿಸಿದಳು.

ನೀಲಿ ಗೆರೆಯೊಂದು ಗುಡ್ಡದ ಹಾಗೆ ಏರುತ್ತದೆ, ಇಳಿಯುತ್ತದೆ, ಕೆಳಗೆ ಗಂಟೆ. ನಾಳೆಯದ್ದು, ನಾಡಿದ್ದಿನದ್ದು, ಬರುವ ತಿಂಗಳದ್ದೂ ಉಂಟು. ಸ್ವಲ್ಪ ಅವಮಾನವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದಕ್ಕಿಂತ ಹೆಚ್ಚಾಗಿ, ಇದನ್ನು ಯಾರು ಎಲ್ಲಿ ಕೂತು ಎಣಿಸಿದರು, ಎಣಿಸಿದ್ದು ಸರಿಯೋ ಎಂದು ತಲೆ ಕೊರೆಯಲಿಕ್ಕೆ ಹತ್ತಿತು. ಸರಿಯಾದರೆ ನನ್ನ ಮರೆವಿನಿಂದ ಸೊಸೆ ಬಚಾವು.

ಪರೀಕ್ಷೆ ಮಾಡಿದೆ. ಅಡಿಕೆ ದಬ್ಬೆಯೊಂದನ್ನು, ಅಂದರೆ ಅಡಿಕೆ ಮರ ಸೀಳಿದ ಉದ್ದ ಪಟ್ಟಿಯನ್ನು, ನಮ್ಮ ದಂಡೆಯ ನೀರಿನಲ್ಲಿ ಹುಗಿದು, ಗೇಣಿಗೊಂದರಂತೆ ಬಣ್ಣದ ನೂಲು ಕಟ್ಟಿದೆ. ಇಳಿಯುವ ಹೊತ್ತಿಗೆ ಮನೆಯ ಗಡಿಯಾರವನ್ನು ಮಡಿಲಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕೂತೆ. ಕೇರಿಯವರು ಅಜ್ಜಿಗೆ ತಲೆ ಕೆಟ್ಟಿತು ಅಂದುಕೊಂಡರು. ಹದಿನೈದು ದಿನ ನೋಡಿದೆ. ಫೋನು ಹೇಳಿದ್ದಕ್ಕಿಂತ ನಮ್ಮ ನೀರು ಒಂದು ಗಂಟೆ ತಡ. ಒಂದು ದಿನ ಅಲ್ಲ, ಎಲ್ಲ ದಿನವೂ ಹೆಚ್ಚುಕಡಿಮೆ ಅಷ್ಟೇ.

ದಿನಾ ಒಂದೇ ಅಳತೆಯಲ್ಲಿ ತಪ್ಪುವ ಲೆಕ್ಕ ನಾನು ಎಲ್ಲೂ ಕಂಡವಳಲ್ಲ. ತಪ್ಪುವವರು ಅಡ್ಡಾದಿಡ್ಡಿ ತಪ್ಪುತ್ತಾರೆ, ನನ್ನ ಹಾಗೆ. ಮೊಮ್ಮಗಳಿಗೆ ಪುನಃ ನೋಡು ಅಂದೆ. ಅವಳು ಸಣ್ಣ ಅಕ್ಷರ ದೊಡ್ಡದು ಮಾಡಿ ಓದಿದಳು. ಮೇಲೆ ಬರೆದದ್ದು ಮಲ್ಪೆ ಬಂದರು. ಅಲ್ಲಿ ಸಮುದ್ರದ ನೀರು ತಿರುಗಿದ ಮೇಲೆ ಹೊಳೆಬಾಯಿಯ ಅಳಿವೆ ಹೊಕ್ಕು, ತಿರುವು ಸುತ್ತಿ, ನಮ್ಮ ದಂಡೆಗೆ ಬರಲಿಕ್ಕೆ ಹೊತ್ತು ಬೇಡವೇ? ಫೋನು ಸುಳ್ಳು ಹೇಳಿದ್ದಲ್ಲ, ಬೇರೆ ಊರಿನ ಸುದ್ದಿ ಹೇಳಿತ್ತು. ನನಗೆ ಅಷ್ಟು ಖುಷಿಯಾಯಿತು, ಮೂವರಿಗೂ ಚಾ ಮಾಡಿದೆ.

ಇಲ್ಲಿಂದ ಮುಂದಿನದ್ದು ನನ್ನ ತಪ್ಪು, ಮೊಮ್ಮಗಳದ್ದೂ ಹೌದು.

ಸೊಸೆಯ ಕ್ರಮ ಹೀಗೆ. ನೀರು ತಿರುಗಿ ಒಂದು ಗಂಟೆಯವರೆಗೆ ದಿಬ್ಬದಲ್ಲಿ ಇರಬಹುದು, ಮತ್ತೆ ಹೊರಡಬೇಕು. ಫೋನಿನ ಹೊತ್ತು ನೋಡಿ, ಹೊರಡಬೇಕಾದ ಗಳಿಗೆಗೆ ಹಿಂದಿನ ರಾತ್ರಿಯೇ ಅಲಾರಂ ಇಡುತ್ತಿದ್ದಳು. ಫೋನನ್ನು ಎಣ್ಣೆಯ ಖಾಲಿ ಪ್ಯಾಕೇಟಿನಲ್ಲಿ ಸುತ್ತಿ, ತಲೆಗೆ ಕಟ್ಟಿದ ಬಟ್ಟೆಯೊಳಗೆ ಇಟ್ಟುಕೊಳ್ಳುತ್ತಿದ್ದಳು. ಚಾ ಕುಡಿದ ರಾತ್ರಿ ಮೊಮ್ಮಗಳು ತಾನಾಗಿಯೇ ಅಲಾರಮನ್ನು ಒಂದು ಗಂಟೆ ಮುಂದೆ ಹಾಕಿ ಮಲಗಿದಳು, ಬೆಳಿಗ್ಗೆ ಎದ್ದು ಕಾಲೇಜಿಗೆ ಹೋದಳು. ಅವಳು ಹೋದ ಮೇಲೆ ನಾನು ಸೊಸೆಗೆ, ಅದು ಮಲ್ಪೆಯ ಹೊತ್ತು, ಅಲಾರಂ ಒಂದು ಗಂಟೆ ಮುಂದೆ ಹಾಕಿಕೋ ಅಂದೆ. ಅವಳು ಹಾಕಿಕೊಂಡಳು. ಅತ್ತೆ ಹೇಳಿದ್ದನ್ನು ಮಾಡುವುದು ಅವಳಿಗೆ ಅಭ್ಯಾಸ, ಎಷ್ಟಕ್ಕೆ ಇತ್ತು ಎಂದು ನೋಡಲಿಲ್ಲ. ಹೀಗೆ ಒಂದು ಗಂಟೆ ಎರಡಾಯಿತು.

ಆ ದಿನ ನನಗೆ ದಂಡೆಯಲ್ಲಿ ಕೆಲಸವಿರಲಿಲ್ಲ. ಪರೀಕ್ಷೆ ಮುಗಿದಿತ್ತು. ಆದರೂ ಹದಿನೈದು ದಿನದ ಚಟ, ದಬ್ಬೆ ನೋಡಲಿಕ್ಕೆ ಹೋದೆ. ಕೆಳಗಿನ ನೂಲು ಮುಳುಗಿತ್ತು, ಎರಡನೆಯದೂ ಮುಳುಗುತ್ತಾ ಇತ್ತು. ನೀರು ತಿರುಗಿ ಸುಮಾರು ಹೊತ್ತಾಗಿತ್ತು. ತಲೆ ಎತ್ತಿ ನೋಡಿದರೆ ಸೊಸೆ ಇನ್ನೂ ದಿಬ್ಬದಲ್ಲಿ, ನನ್ನ ಕಡೆ ಬೆನ್ನು ಮಾಡಿ ಬಗ್ಗಿದ್ದಾಳೆ. ದಿಬ್ಬವೋ ಅರ್ಧಕ್ಕರ್ಧ ಸಣ್ಣದಾಗಿದೆ.

ಹ್ವಾಯ್ ಎಂದು ಕೂಗಿದೆ. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು, ಕೂಗು ನನ್ನ ಬಾಯಿಗೇ ವಾಪಸ್ಸು ಬಂತು. ಸೊಂಟದಿಂದ ಗುಂಡಿ ಫೋನು ತೆಗೆದು ಒತ್ತಿದೆ. ಒಂದು ಸಲ ಪೂರ್ತಿ ಹೊಡೆದು ನಿಂತಿತು. ಎರಡನೇ ಸಲಕ್ಕೆ ಅವಳು ನೆಟ್ಟಗೆ ನಿಂತು ತಲೆ ಮುಟ್ಟಿಕೊಂಡಳು. ಫೋನು ತೆಗೆಯಲಿಲ್ಲ. ಬುಟ್ಟಿ ಎತ್ತಿದಳು, ಹಿಂದೆ ತಿರುಗಿದಳು, ಆಳವನ್ನು ನೋಡಿ ಹಾಗೇ ನಿಂತಳು. ನಾನು ಎರಡೂ ಕೈ ಬೀಸಿ ಮೇಲಿನ ಬದಿ ತೋರಿಸಿದೆ, ಅಲ್ಲಿ ನೆಲ ಸ್ವಲ್ಪ ಎತ್ತರ. ಬುಟ್ಟಿಯನ್ನು ನೀರಿಗೆ ಬಿಟ್ಟು ತಳ್ಳಿಕೊಂಡು ಇಳಿದಳು. ಸೊಂಟ ಮುಳುಗಿತು. ನಡುವೆ ಎದೆಗೆ ಬಂತು, ಕಾಲು ಜಾರಿ ಒಮ್ಮೆ ಗಲ್ಲ ಒದ್ದೆಯಾಯಿತು. ಬುಟ್ಟಿ ಕೈಬಿಟ್ಟು ಹೋಯಿತು. ನಾನು ಡಾಕ್ಟರನ್ನೂ ಮೊಣಕಾಲನ್ನೂ ಬದಿಗಿಟ್ಟು ಇಳಿದು, ದಬ್ಬೆ ಕಿತ್ತು ತುದಿ ಚಾಚಿದೆ. ಅವಳು ಅದನ್ನು ಹಿಡಿದಳು. ಎಳೆದೆ.

ದಂಡೆಯಲ್ಲಿ ಕೂತು ಸುಮಾರು ಹೊತ್ತು ಕೆಮ್ಮಿದಳು. ಮತ್ತೆ ನನ್ನನ್ನು ನೋಡಿ ಹೇಳಿದಳು:

"ಅಲಾರಂ ಹೊಡ್ದ ಕೂಡ್ಲೆ ಹೊರಟೆ ಅತ್ತೆ. ಅಷ್ಟೊತ್ತಿಗೇ ನೀರ್ ಇಷ್ಟ್ ಬಂದಿತ್ತಲೆ. ನಿಮ್ಮ್ ಲೆಕ್ಕ ಎಂತದ್ದ್?"

"ಅದ್ ಅಲಾರಂ ಅಲ್ಲ. ಫೋನ್ ಮಾಡಿದ್ದ್ ನಾನ್."

ಅವಳು ತಲೆಬಟ್ಟೆ ಬಿಚ್ಚಿ ಪ್ಯಾಕೇಟಿನಿಂದ ಫೋನು ತೆಗೆದಳು. ಅಲಾರಂ ಹೊಡೆಯಲಿಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ಅದು ಹೊಡೆಯುವಾಗ ದಿಬ್ಬದ ಗುರುತೂ ಉಳಿದಿರಲಿಲ್ಲ.

ಸಂಜೆ ಮೊಮ್ಮಗಳು ಬಂದಳು, ಎರಡು ಸಲ ಕೂಡಿಸಿದ್ದು ಆಗ ಗೊತ್ತಾಯಿತು. ಅವಳು ಅತ್ತಳು. ನಾನು ಬೈದೆ, ಬೈದು ಮುಗಿದ ಮೇಲೆ ಅರ್ಧ ಬೈಗಳು ನನಗೇ ಸೇರಬೇಕು ಎಂದು ಹೊಳೆಯಿತು, ಅದನ್ನೂ ಹೇಳಿದೆ. ಸೊಸೆ ನಮ್ಮಿಬ್ಬರ ಜಗಳ ಕೇಳುತ್ತಾ ಅಕ್ಕಿ ಆರಿಸುತ್ತಿದ್ದಳು. ಕೊನೆಗೆ ಫೋನನ್ನು ಎತ್ತಿ ತನ್ನ ಸೆರಗಿಗೆ ಕಟ್ಟಿಕೊಂಡಳು.

"ಇನ್ ಇದನ್ ಯಾರೂ ಮುಟ್ಟುದ್ ಬ್ಯಾಡ. ನೀರಿಗೆ ಹೋಪುದ್ ನಾನ್, ಕೂಡ್ಸುದೂ ನಾನೇ."

ನಮ್ಮ ಮನೆಗೆ ಬಂದು ಒಂಬತ್ತು ವರ್ಷದಲ್ಲಿ ಅವಳು ನನಗೆ ಎದುರು ಹೇಳಿದ ಮೊದಲ ಮಾತು. ಸರಿಯಾದ ಮಾತು. ಆಯಿತು ಅಂದೆ.

ಹಾಗಾಗಿ ಈಗ ಕೇಳುವವರಿಗೆ ನಾನು ಹೇಳುವುದು ಇಷ್ಟು. ಅಲಾರಂ, ಬ್ಯಾಟರಿ ಲೈಟು, ಮಾತು ಕಳಿಸುವುದು, ಇಷ್ಟು ಎಲ್ಲರಿಗೂ ಬೇಕು. ಹೊಳೆಗೆ ಇಳಿಯುವವರಾದರೆ ನೀರಿನ ಆ್ಯಪ್ ಬೇಕು, ಅದು ಯಾವ ಊರಿನದ್ದು ಹೇಳುತ್ತದೆ ಎಂದು ಮೊದಲು ಓದಿಸಿಕೊಳ್ಳಿ. ಫೋನು ಯಾರದ್ದೋ ಅವರೇ ಅದರ ಗಂಟೆ ಮುಟ್ಟಲಿ, ಪ್ರೀತಿಯಿಂದಲೂ ಬೇರೆಯವರು ಮುಟ್ಟುವುದು ಬೇಡ. ಮುಖ ಬೆಳ್ಳಗೆ ಮಾಡುವುದು ಬೇಕಾದರೆ ಹಾಕಿಸಿಕೊಳ್ಳಿ, ನನ್ನನ್ನು ಕೇಳಬೇಡಿ.

ಸೊಸೆ ಮೂರು ದಿನ ಹೋಗಲಿಲ್ಲ. ನಾಲ್ಕನೇ ದಿನ ಹೊಸ ಬುಟ್ಟಿ ತೆಗೆದುಕೊಂಡು ಹೊರಟಳು, ನನ್ನನ್ನು ಹೊತ್ತು ಕೇಳಲಿಲ್ಲ. ನಾನೂ ಹೇಳಲಿಲ್ಲ. ಒಳಗೆ ಕೂತು ಬೆಳ್ಳುಳ್ಳಿ ಸುಲಿದೆ, ಬೇಕಾದ್ದಕ್ಕಿಂತ ಹೆಚ್ಚೇ ಸುಲಿದೆ. ಅವಳು ತೊಡೆಯವರೆಗೆ ಮಾತ್ರ ಒದ್ದೆಯಾಗಿ ಬಂದಳು. ಮರುದಿನವೂ ಹಾಗೇ. ಒಂದು ತಿಂಗಳು ಕಳೆದಿರಬೇಕು, ಮೊಮ್ಮಗಳಿಗೆ ಕಾಲೇಜಿಗೆ ರಜೆ, ಅವಳ ಫೋನಿಗೆ ದಿಬ್ಬದಿಂದ ಸೊಸೆಯ ಮಾತು ಬಂತು. ಹಿಂದೆ ಗಾಳಿಯ ಸದ್ದು.

"ಅತ್ತೆಗೆ ಹೇಳ್, ಅಲಾರಂ ಇನ್ನೂ ಹೊಡಿಲಿಲ್ಲೆ, ನಾನ್ ಹೊರಟೆ. ಏಡಿ ಎಲ್ಲ ಬಾಗ್ಲ್ ಹಾಕುಕೆ ಶುರು ಮಾಡ್ದೊ."

ಬಂದ ಮೇಲೆ ಎಂತದು ಏಡಿ ಎಂದು ಕೇಳಿದೆ. ದಿಬ್ಬದ ಕೆಸರಂಚಿನಲ್ಲಿ ಒಂದು ಕೈ ದೊಡ್ಡದಿರುವ ಸಣ್ಣ ಏಡಿಗಳು ಉಂಟಲ್ಲ, ಅವು ನೀರು ಬಂದು ಮುಟ್ಟುವ ಮೊದಲೇ ಕೆಸರಿನ ಉಂಡೆ ಎಳೆದು ಒಳಗಿಂದ ತಮ್ಮ ಗುಂಡಿ ಮುಚ್ಚಿಕೊಳ್ಳುತ್ತವೆ, ಆ ದಿನ ನೀರಿಗೆ ಸಿಕ್ಕಿದ ಮೇಲೆ ದಿನಾ ನೋಡುತ್ತಾ ಇದ್ದೇನೆ, ಅಂದಳು. ಇವತ್ತು ಗಾಳಿ ಜೋರು, ನೀರು ಬೇಗ ಬಂತು, ಅವೂ ಬೇಗ ಮುಚ್ಚಿದವು ಅಂದಳು.

ಆ ಏಡಿಗಳನ್ನು ನಾನು ನಲವತ್ತು ವರ್ಷ ಕಂಡಿದ್ದೇನೆ. ಗುಂಡಿ ಮುಚ್ಚುವುದನ್ನೂ ಕಂಡಿದ್ದೇನೆ. ಯಾವಾಗ ಮುಚ್ಚುತ್ತವೆ ಎಂದು ಒಂದು ದಿನವೂ ಕೇಳಿಕೊಂಡವಳಲ್ಲ. ಮರುದಿನ ಸೊಸೆಗಿಂತ ಮೊದಲೇ ಎದ್ದು, ಗಡಿಯಾರ ಹಿಡಿದು, ನಮ್ಮ ದಂಡೆಯ ಕೆಸರಿನಲ್ಲಿ ಏಡಿಗುಂಡಿಗಳ ಎದುರು ಮಣೆ ಹಾಕಿಕೊಂಡು ಕೂತೆ.