ಹಳೆಯ ಕಂಪೈಲರ್ ಅಳಿಸಿದ ದಿನ

೧೯೮೭ರಲ್ಲಿ ನಾನು ಬಾಗಲಕೋಟೆಯ ಒಂದು ಚಿಕ್ಕ ಖಾಸಗಿ ಗಣಕ ಕಚೇರಿಯಲ್ಲಿ ಸಿಸ್ಟಮ್ ಇಂಜಿನಿಯರ್ ಆಗಿದ್ದೆ. ಸುತ್ತಲಿನ ನೇಕಾರರ ಸಂಘಗಳ ಕೂಲಿ, ನೂಲಿನ ಲೆಕ್ಕವೆಲ್ಲ ನಮ್ಮ ಒಂದೇ ಯೂನಿಕ್ಸ್ ಯಂತ್ರದ ಮೇಲೆ ನಡೆಯುತ್ತಿತ್ತು. ಜೊತೆಗಿದ್ದ ಪ್ರೋಗ್ರಾಮರ್ ಮಹಾಂತೇಶ ಇಳಕಲ್ಲಿನ ನೇಕಾರರ ಮನೆಯವನು. ಅವನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಹೊಸ ಟೂಲ್‌ಚೈನ್ ಕಟ್ಟಿಕೊಟ್ಟರೆ ಖಾಯಂ ಮಾಡುವುದಾಗಿ ಮ್ಯಾನೇಜರ್ ದೇಸಾಯರು ಮಾತು ಕೊಟ್ಟಿದ್ದರು.

ಮನುಷ್ಯ ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಮತ್ತು ಅಸೆಂಬ್ಲರ್, ತುಂಡುಗಳನ್ನು ಜೋಡಿಸುವ ಲಿಂಕರ್, ಇವೆಲ್ಲ ಸೇರಿ ಟೂಲ್‌ಚೈನ್. ನಮಗೆ ಬಂದದ್ದು ಬರೀ ಸೋರ್ಸ್ ಕೋಡ್, ಅಂದರೆ ಮನುಷ್ಯ ಬರೆದ ರೂಪ. ಹೊಸ ಕಂಪೈಲರ್ ಹುಟ್ಟಲು ಹಳೆಯ ಕಂಪೈಲರೇ ಬೇಕು. ಹುಟ್ಟಿದ ಮೇಲೆ ಹೊಸದು ತನ್ನನ್ನು ತಾನೇ ಮತ್ತೊಮ್ಮೆ ಕಟ್ಟಿಕೊಳ್ಳಬೇಕು. ಅದು ಸರಿಯಾಗಿ ನಡೆದರೆ ಮಾತ್ರ ನಂಬಬಹುದು.

ಮೊದಲ ಹಂತ ಮುಗಿಯುವಷ್ಟರಲ್ಲಿ ಡಿಸ್ಕ್ ತುಂಬಿತು. ಹಳೆಯದನ್ನು ಅಳಿಸಿಬಿಡಿ, ಟೇಪಿನಲ್ಲಿ ಪ್ರತಿ ಇದೆಯಲ್ಲ ಎಂದರು ದೇಸಾಯರು. ನಾನು ಬೇಡವೆಂದೆ. ಮಹಾಂತೇಶ ಮಗ್ಗದ ಮಾತು ತೆಗೆದ. ಸೀರೆಯ ಹಾಸು, ಅಂದರೆ ಉದ್ದದ ಎಳೆಗಳು, ಮುಗಿಯುತ್ತ ಬಂದಾಗ ತುದಿಗಳನ್ನು ಮಗ್ಗದಲ್ಲೇ ಉಳಿಸಿ ಹೊಸ ಎಳೆಗಳನ್ನು ಅವಕ್ಕೇ ಒಂದೊಂದಾಗಿ ಗಂಟು ಹಾಕುತ್ತಾರೆ.

"ಹಳೇ ಹಾಸು ಪೂರಾ ಕತ್ತರಿಸಿದ್ರ ಹೊಸಾದನ್ನ ಎದಕ್ಕ ಗಂಟ ಹಾಕೂದ್ರಿ, ಸಾಹೇಬ್ರ?" ಎಂದ.

"ಇದು ಮಗ್ಗ ಅಲ್ಲೋ. ಅಳಸು," ಎಂದರು ದೇಸಾಯರು.

ಅಳಿಸಿದ. ಹೊಸ ಕಂಪೈಲರ್ ಸಣ್ಣ ಪ್ರೋಗ್ರಾಮುಗಳನ್ನು ಸರಿಯಾಗಿಯೇ ಕಟ್ಟಿತು. ತನ್ನನ್ನೇ ಕಟ್ಟಿಕೊಂಡಾಗ ಮಾತ್ರ, ಹುಟ್ಟಿದ್ದು ಓಡಲೇ ಇಲ್ಲ. ಸೋರ್ಸ್‌ನಲ್ಲಿ ತಪ್ಪು ಹುಡುಕಿ ತಿದ್ದಿದೆವು. ತಿದ್ದಿದ್ದನ್ನು ಕಟ್ಟಲು ಉಳಿದದ್ದು ಆ ಕೆಟ್ಟ ಕಂಪೈಲರ್ ಒಂದೇ. ಹಳೆಯದರ ಪ್ರತಿಯಿದ್ದ ಟೇಪನ್ನು ಯಂತ್ರ ಓದಲಿಲ್ಲ. ಆ ತಿಂಗಳು ಕೂಲಿಯ ದರ ಬದಲಾಗಿ ಲೆಕ್ಕದ ಪ್ರೋಗ್ರಾಮನ್ನು ತಿದ್ದಿ ಮತ್ತೆ ಕಟ್ಟಬೇಕಿತ್ತು; ಅದಾಗದೆ ಕೂಲಿಯ ಲೆಕ್ಕ ನಿಂತಿತು, ನೇಕಾರರು ಬಾಗಿಲಿಗೆ ಬಂದರು. ಕಮಾಂಡ್ ಹೊಡೆದವನು ಇವನೇ ಎಂದು ದೇಸಾಯರು ಮಹಾಂತೇಶನನ್ನು ಕೆಲಸದಿಂದ ತೆಗೆದರು. ಅಳಿಸಲು ಹೇಳಿದವರು ನೀವೇ ಎಂದು ಜಗಳಾಡಿದೆ, ಏನೂ ಉಪಯೋಗವಾಗಲಿಲ್ಲ.

ಹುಬ್ಬಳ್ಳಿಯಲ್ಲಿ ಅದೇ ಮಾದರಿಯ ಯಂತ್ರವಿತ್ತು. ಅಲ್ಲಿಂದ ಹಳೆಯ ಕಂಪೈಲರ್ ತಂದು, ಬೇಡದ ಫೈಲುಗಳನ್ನು ಟೇಪಿಗೆ ಸಾಗಿಸಿ ಡಿಸ್ಕಿನಲ್ಲಿ ಜಾಗ ಮಾಡಿ, ಟೂಲ್‌ಚೈನ್ ಕಟ್ಟಿ ಮುಗಿಸಿದೆ. ಲೆಕ್ಕದ ಪ್ರೋಗ್ರಾಮುಗಳನ್ನು ಹೊಸದಕ್ಕೆ ಒಗ್ಗಿಸಲು ಆಗ ದೇಸಾಯರಿಗೆ ಮಹಾಂತೇಶ ಮತ್ತೆ ಬೇಕಾದ. ಕರೆತರಲು ನಾನೇ ಇಳಕಲ್ಲಿಗೆ ಹೋದೆ. ಗ್ರಾನೈಟ್ ಪಾಲಿಶ್ ಮಾಡುವಲ್ಲಿ ಸಿಕ್ಕ, ಹುಬ್ಬಿನ ಮೇಲೂ ಕಲ್ಲಿನ ಧೂಳು. ಮಗ್ಗಕ್ಕೆ ಯಾಕೆ ಕೂರಲಿಲ್ಲ ಎಂದು ಕೇಳಿದೆ.

"ಖಾಯಂ ಮಾಡ್ತೇನಿ ಅಂದಿದ್ರಲ್ರಿ. ಅದನ್ನ ನಂಬಿ ಮನ್ಯಾಗಿನ ಹಾಸು ನಾನ ಕತ್ತರಿಸಿ, ಮಗ್ಗ ಮಾರಿದ್ನಿ," ಎಂದ. "ಇನ್ನೊಮ್ಮಿ ನಂಬೂದು ನನ್ನ ಕೈಲೆ ಆಗೂದಿಲ್ರಿ."

ಒಬ್ಬನೇ ಬಸ್ಸು ಹತ್ತಿದೆ. ಮುಂದೆ ನಿವೃತ್ತಿಯವರೆಗೆ ಎಷ್ಟೋ ಟೂಲ್‌ಚೈನ್ ಕಟ್ಟಿದೆ. ಹೊಸದು ತನ್ನ ಕಾಲ ಮೇಲೆ ನಿಂತದ್ದನ್ನು ಕಣ್ಣಾರೆ ನೋಡುವವರೆಗೆ ಹಳೆಯದನ್ನು ಮುಟ್ಟಲು ಯಾರನ್ನೂ ಬಿಡಲಿಲ್ಲ. ನಮ್ಮ ಯಂತ್ರಕ್ಕೆ ಹುಬ್ಬಳ್ಳಿಯಲ್ಲಿ ಇನ್ನೊಂದು ಪ್ರತಿ ಸಿಕ್ಕಿತು. ಮಹಾಂತೇಶನಿಗೆ ಅಂಥದ್ದು ಎಲ್ಲಿಯೂ ಇರಲಿಲ್ಲ.