ಬೀಗರ ಕಡೆಯ ಮೂರನೆಯ ಹೆಸರು

ಸೂರ್ಯನಾರಾಯಣರು ಮೈಸೂರಿನಿಂದ ಮಲೇಷ್ಯಾಕ್ಕೆ ಹೊರಟದ್ದು ಮಗಳ ಮದುವೆ ತಪ್ಪಿಸುವುದಕ್ಕೆ. ಹಾಗೆಂದು ಯಾರಿಗೂ ಹೇಳಿರಲಿಲ್ಲ, ಹೆಂಡತಿ ದೇವಕಿಗೂ ಹೇಳಿರಲಿಲ್ಲ. ಆದರೆ ಅವರು ಏನನ್ನು ಹೇಳದೆ ನುಂಗಿಕೊಳ್ಳುತ್ತಿದ್ದರೋ ಅದೇ ದೇವಕಿಗೆ ಮೊದಲು ಗೊತ್ತಾಗುತ್ತಿತ್ತು. ಮಗಳು ಭವ್ಯಶ್ರೀ ಕೌಲಾಲಂಪುರದ ಬಾಂಗ್ಸಾರ್‌ನಲ್ಲಿ ಮನೆ ಮಾಡಿಕೊಂಡು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದಳು. ನಿಲಾಯ್‌ನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಮಾರ್ಟಿನ್ ಹೋಲ್ಡನ್ ಎಂಬ ಇಂಗ್ಲೆಂಡಿನವನನ್ನು ಮದುವೆಯಾಗುತ್ತೇನೆ ಎಂದಿದ್ದಳು. 2020ರ ಫೆಬ್ರವರಿ ಕೊನೆಯಲ್ಲಿ ಬಂದಿಳಿದ ದಂಪತಿ ಒಂದು ತಿಂಗಳಿದ್ದು ಹೋಗುವವರು. ಅಷ್ಟರಲ್ಲಿ ಕೊರೊನಾ ಬಂದು, ಸರ್ಕಾರ ದೇಶಕ್ಕೇ ಬೀಗ ಜಡಿದು, ಮಗಳ ಫ್ಲ್ಯಾಟಿನಲ್ಲೇ ಸಿಕ್ಕಿಬಿದ್ದರು.

ಸೂರ್ಯನಾರಾಯಣರು ಕಾಲೇಜೊಂದರ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಜೆರಾಕ್ಸ್ ಹಿಡಿದು ಬಂದವರನ್ನು ಒರಿಜಿನಲ್ ಎಲ್ಲಿ ಎಂದು ಕೇಳಿ ವಾಪಸ್ ಕಳಿಸುವುದರಲ್ಲೇ ಅವರ ಅರ್ಧ ಆಯುಷ್ಯ ಕಳೆದಿತ್ತು. ಕೆಟ್ಟವರಲ್ಲ. ಒಮ್ಮೆ ಬೇಡ ಎಂದರೆ ಮತ್ತೆ ಬೇಕು ಎನ್ನಲು ಬಾರದ ಜಾತಿಯವರು, ಅಷ್ಟೆ. ಮಗಳ ಹತ್ತಿರ ಮಾತ್ರ ಆ ಬೇಡವನ್ನು ನೇರವಾಗಿ ಹೇಳುವ ಧೈರ್ಯವಿರಲಿಲ್ಲ. ಅದಕ್ಕೊಂದು ಉಪಾಯ ಮಾಡಿದರು.

"ಗೋತ್ರ ಇಲ್ದಿದ್ರೆ ಹೋಗ್ಲಿ, ಕಾಶ್ಯಪ ಅಂತ ಹೇಳಿಸ್ತೀನಿ," ಎಂದರು ಒಂದು ಬೆಳಿಗ್ಗೆ. "ಆದ್ರೆ ಧಾರೆ ಹೊತ್ತಲ್ಲಿ ಹುಡುಗನ ಅಪ್ಪ, ತಾತ, ಮುತ್ತಾತ, ಮೂರು ಹೆಸರೂ ಹೇಳ್ಬೇಕು. ಅದಿಲ್ದೆ ನಾನು ಕೂರಲ್ಲ. ಬಾಯಿಮಾತಲ್ಲಿ ಬೇಡ, ದಾಖಲೆ ಬೇಕು."

ಭವ್ಯಶ್ರೀ ಲ್ಯಾಪ್‌ಟಾಪಿನಿಂದ ತಲೆಯೆತ್ತಿದಳು. "ಅಪ್ಪ, ರಿಜಿಸ್ಟರ್ ಮ್ಯಾರೇಜ್ ನಾನು ಯಾವಾಗ ಬೇಕಾದ್ರೂ ಮಾಡ್ಕೋಬಹುದು. ನೀನು ಕೂತು ಧಾರೆ ಎರೀಬೇಕು ಅಂತ ನಂಗಾಸೆ. ಅದಕ್ಕೋಸ್ಕರ ಕಾಯ್ತಿದೀನಿ. ನಾಟಕ ಮಾಡ್ಬೇಡ, ಹೆಸರು ಸಿಕ್ಕಿದ್ರೆ ಕೂರ್ತೀಯಾ?"

"ಕೂರ್ತೀನಿ," ಎಂದರು ಸೂರ್ಯನಾರಾಯಣರು. ಸಿಗುವುದಿಲ್ಲ ಎಂಬ ಭರವಸೆ ಅವರಿಗಿತ್ತು.

ಭರವಸೆಗೆ ಕಾರಣವೂ ಇತ್ತು. ನಿಲಾಯ್ ಇದ್ದದ್ದು ಬೇರೆ ರಾಜ್ಯದಲ್ಲಿ. ಗಡಿಯಲ್ಲಿ ಪೊಲೀಸರು ನಿಂತಿದ್ದರಿಂದ ಮಾರ್ಟಿನ್ ಬರುವಂತಿರಲಿಲ್ಲ, ದಿನಾ ಸಂಜೆ ಪರದೆಯ ಮೇಲಷ್ಟೇ ಕಾಣಿಸಿಕೊಳ್ಳುತ್ತಿದ್ದ. ಮೂರು ತಲೆಮಾರು ಕೇಳಿದಾಗ ಪಾಪ, ತಲೆ ಕೆರೆದುಕೊಂಡ. ಅಪ್ಪ ಪೀಟರ್, ತಾನು ಚಿಕ್ಕವನಿದ್ದಾಗಲೇ ತೀರಿಕೊಂಡ. ತಾತ ಫ್ರ್ಯಾಂಕ್, ಹತ್ತಿ ಗಿರಣಿಯಲ್ಲಿದ್ದ. ಅದರಾಚೆ ಏನೂ ಗೊತ್ತಿಲ್ಲ. "ನಮ್ಮಲ್ಲಿ ಯಾರೂ ಕೇಳುವುದೇ ಇಲ್ಲ ಅಂಕಲ್," ಎಂದ ಇಂಗ್ಲಿಷಿನಲ್ಲಿ. ಮುತ್ತಾತನ ಹೆಸರು ಗೊತ್ತಿಲ್ಲದ ಜನ ಅರ್ಧ ಪ್ರಪಂಚ ಆಳಿದ್ದು ಹೇಗೆ ಎಂದು ಸೂರ್ಯನಾರಾಯಣರಿಗೆ ಆಶ್ಚರ್ಯವಾಯಿತು. ಆ ರಾತ್ರಿ ಅವರಿಗೆ ಒಳ್ಳೆಯ ನಿದ್ದೆ ಬಂತು.

ಆದರೆ ಮಗಳು ಅಪ್ಪನನ್ನು ಬಲ್ಲವಳು. ಮರುದಿನ ಲ್ಯಾಪ್‌ಟಾಪು ಅವರ ಮುಂದಿಟ್ಟು ತೋರಿಸಿದಳು. ಇಂಗ್ಲೆಂಡಿನಲ್ಲಿ 1837ರಿಂದ ಈಚೆ ಹುಟ್ಟಿದವರು, ಮದುವೆಯಾದವರು, ಸತ್ತವರು ಎಲ್ಲರೂ ಸರ್ಕಾರದ ಪುಸ್ತಕದಲ್ಲಿದ್ದರು. ಹತ್ತು ವರ್ಷಕ್ಕೊಮ್ಮೆ ಜನಗಣತಿಯವನು ಮನೆಮನೆಗೆ ಹೋಗಿ ಬರೆದುಕೊಂಡ ಹಾಳೆಗಳ ಚಿತ್ರಗಳು ಕೂಡ ಇದ್ದವು. "ಹುಡುಕು ಅಪ್ಪ. ದಾಖಲೆ ಬೇಕಾಗಿರೋದು ನಿಂಗೆ ತಾನೆ?" ಎಂದು ಹೇಳಿ ಮೀಟಿಂಗಿಗೆ ಹೋಗಿಬಿಟ್ಟಳು.

ಸೂರ್ಯನಾರಾಯಣರು ಮನಸ್ಸಿಲ್ಲದ ಮನಸ್ಸಿನಿಂದ ಕೂತರು, ಆಮೇಲೆ ಏಳಲಿಲ್ಲ. ಎಂಥ ಕಚೇರಿ ಅದು! ತಾರೀಖು, ಬೀದಿ, ಕಸುಬು, ಬರೆಸಿದವರ ಸಹಿ, ಸಹಿ ಬಾರದವರ ಗೀಟು. ಮಗು ಹುಟ್ಟಿದರೆ ತಾಯಿಯ ತವರಿನ ಹೆಸರನ್ನೂ ಬಿಡದೆ ಬರೆದಿದ್ದರು. ಇಂಥ ಕಡೆ ತಾನು ಕೆಲಸ ಮಾಡಬೇಕಿತ್ತು ಎಂದು ಅವರಿಗೆ ನಿಜವಾಗಿಯೂ ಅನ್ನಿಸಿತು. ಊಟಕ್ಕೆ ದೇವಕಿ ಕರೆದರೆ "ಈ ಬೀದಿ ಮುಗಿಸಿ ಬಂದೆ" ಎನ್ನುತ್ತಿದ್ದರು. ಮಗಳು ಕೆಳಗಿನ ಮಾಮಕ್ ಹೋಟೆಲಿನಿಂದ, ಅಲ್ಲಿಯವರ ಮಾತಿನಲ್ಲಿ ತಪಾವ್ ಮಾಡಿ, ಅಂದರೆ ಪಾರ್ಸೆಲ್ ಕಟ್ಟಿಸಿ ತಂದ ರೋಟಿ ಅವರ ಪಕ್ಕದಲ್ಲೇ ತಣ್ಣಗಾಗುತ್ತಿತ್ತು. ಮದುವೆ ತಪ್ಪಿಸಲು ಹೊರಟ ಮನುಷ್ಯ ಬೀಗರ ವಂಶಾವಳಿ ಬರೆಯಲು ಕೂತಿದ್ದ.

ಮೂರನೆಯ ಹೆಸರು ಸಿಗಲು ಬಹಳ ಕಷ್ಟವಾಗಲಿಲ್ಲ. ಫ್ರ್ಯಾಂಕ್ ಹುಟ್ಟಿದ್ದು 1922ರಲ್ಲಿ, ಅವನ ತಂದೆ ಜೋಸೆಫ್ ಹೋಲ್ಡನ್, ನೇಕಾರ. ಜೋಸೆಫನ ಮದುವೆಯ ಪತ್ರವೂ ಸಿಕ್ಕಿತು. 1919ರಲ್ಲಿ, ವಯಸ್ಸು ಇಪ್ಪತ್ತೇಳು, ತಂದೆ ಏಮಸ್. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹುಟ್ಟಿದ ದಾಖಲೆ ನೋಡದೆ ಹೆಸರು ಒಪ್ಪಿಕೊಳ್ಳುವುದು ಸೂಪರಿಂಟೆಂಡೆಂಟರ ಕೈಲಿ ಆಗುವ ಮಾತಲ್ಲ. ಹುಡುಕಿದರು. ಏಮಸ್ ಮತ್ತು ಹ್ಯಾನಾ ದಂಪತಿಯ ಮಗ ಜೋಸೆಫ್ ಹೋಲ್ಡನ್, ತಾಯಿಯ ತವರಿನ ಹೆಸರು ಕ್ರ್ಯಾಬ್‌ಟ್ರೀ, ಹುಟ್ಟಿದ್ದು 1888ರಲ್ಲಿ.

ಲೆಕ್ಕ ಹಾಕಿದರೆ ಮದುವೆಯ ಹೊತ್ತಿಗೆ ಮೂವತ್ತೊಂದಾಗಬೇಕು, ಇಪ್ಪತ್ತೇಳಲ್ಲ. ಸೂರ್ಯನಾರಾಯಣರು ಈ ವ್ಯತ್ಯಾಸಕ್ಕೆ ಸೊಪ್ಪು ಹಾಕಲಿಲ್ಲ. ಅವರ ಓರಗೆಯವರಲ್ಲಿ ಅರ್ಧಕ್ಕರ್ಧ ಜನ ಜೂನ್ ಒಂದನೆಯ ತಾರೀಖು ಹುಟ್ಟಿದವರು, ಅವರೂ ಸೇರಿ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರು ಹುಡುಗನನ್ನು ಮೇಲಿಂದ ಕೆಳಕ್ಕೆ ನೋಡಿ ಬರೆದದ್ದೇ ಹುಟ್ಟಿದ ದಿನ. ಸರ್ಕಾರಿ ಕಾಗದದಲ್ಲಿ ವಯಸ್ಸು ಮೂರು ನಾಲ್ಕು ವರ್ಷ ಆಚೀಚೆ ಇಲ್ಲದಿದ್ದರೆ ಅವರಿಗೆ ಅನುಮಾನ ಬರುತ್ತಿತ್ತು. ಇಂಗ್ಲೆಂಡಿನಲ್ಲೂ ಒಬ್ಬ ಹೆಡ್‌ಮಾಸ್ತರು ಇದ್ದಿರಬೇಕು ಎಂದುಕೊಂಡು ಮುಂದೆ ಹೋದರು.

ಮುಂದೆ 1891ರ ಗಣತಿ. ಅದರಲ್ಲಿ ಏಮಸ್ ಇದ್ದ, ಹ್ಯಾನಾ ಇದ್ದಳು, ಎರಡು ಹೆಣ್ಣುಮಕ್ಕಳಿದ್ದರು. ಜೋಸೆಫ್ ಇರಲಿಲ್ಲ. ಮೂರು ವರ್ಷದ ಮಗು ಅಪ್ಪ ಅಮ್ಮನ ಮನೆ ಬಿಟ್ಟು ಎಲ್ಲಿ ಹೋಗುತ್ತದೆ? ಸತ್ತವರ ಪುಸ್ತಕ ತೆರೆದರು. ಜೋಸೆಫ್ ಹೋಲ್ಡನ್, 1890, ವಯಸ್ಸು ಎರಡು.

ಸೂರ್ಯನಾರಾಯಣರು ಕನ್ನಡಕ ತೆಗೆದು ಒರೆಸಿಕೊಂಡರು. ಎರಡನೆಯ ವಯಸ್ಸಿನಲ್ಲಿ ಸತ್ತ ಮಗು 1919ರಲ್ಲಿ ಮದುವೆಯಾಗುವುದು ಸಾಧ್ಯವಿಲ್ಲ. ಹಾಗಾದರೆ ಮದುವೆಯಾದವನು ಯಾರೋ ಬೇರೆಯವನು, ಸತ್ತವನ ಹೆಸರು ಹೇಳಿಕೊಂಡು ಓಡಾಡಿದ ಮೋಸಗಾರ. 1901ರ ಗಣತಿ ನೋಡುವಷ್ಟು ತಾಳ್ಮೆ ಅವರಿಗೆ ಉಳಿಯಲಿಲ್ಲ. ಬೇಕಾದ ಉತ್ತರ ಸಿಕ್ಕಿತ್ತು.

ಮಧ್ಯಾಹ್ನದ ಊಟದ ಹೊತ್ತಿಗೆ ಹೇಳಿದರು. "ಮುತ್ತಾತ ಫೋರ್ಜರಿ ಕೇಸು ಕಣಮ್ಮ. ನಿಜವಾದ ಜೋಸೆಫ್ ಎರಡು ವರ್ಷಕ್ಕೇ ಹೋಗ್ಬಿಟ್ಟಿದಾನೆ. ಇವರು ಯಾರ ಮಕ್ಕಳೋ ಏನೋ. ನಾನು ಕೂರಲ್ಲ."

ಅವರ ದನಿಯಲ್ಲಿದ್ದ ಖುಷಿಯನ್ನು ಭವ್ಯಶ್ರೀ ಕೇಳಿಸಿಕೊಂಡಳು. ಅಳಲಿಲ್ಲ, ಕೂಗಾಡಲಿಲ್ಲ. "ಅವನು ಯಾರ ಮೊಮ್ಮಗ ಆದ್ರೂ ನಾನು ಮದುವೆ ಆಗೋದೇ. ನೀನು ಇರಲ್ಲ ಅಷ್ಟೆ. ಇಟ್ಸ್ ಓಕೆ," ಎಂದು ತಟ್ಟೆ ಎತ್ತಿಕೊಂಡು ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡಳು.

ಬೇರೆ ಕಾಲದಲ್ಲಾಗಿದ್ದರೆ ಸೂರ್ಯನಾರಾಯಣರು ವಾಕಿಂಗಿಗೆ ಹೋಗುತ್ತಿದ್ದರು, ಅಥವಾ ಮೈಸೂರಿಗೇ ಹೊರಟುಬಿಡುತ್ತಿದ್ದರು. ಈಗ ಎಲ್ಲಿಗೂ ಹೋಗುವಂತಿರಲಿಲ್ಲ. ಮಾತು ಬಿಟ್ಟ ಮಗಳ ಜೊತೆ ಒಂದೇ ಬಚ್ಚಲು, ಒಂದೇ ಅಡುಗೆಮನೆ. ಅವಳು ಕಾಫಿ ಮಾಡಿದರೆ ಇವರಿಗೂ ಒಂದು ಲೋಟ ಇಟ್ಟು ಹೋಗುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಗೆದ್ದದ್ದು ತಾವೇ, ಆದರೂ ಆ ಕಾಫಿ ಅರ್ಧಕ್ಕೇ ಬಿಟ್ಟು ಲೋಟ ತೊಳೆದಿಡುತ್ತಿದ್ದರು. ಮಗಳಿಲ್ಲದ ಮನೆ ಹೇಗಿರುತ್ತದೆ ಎಂಬ ಹೆದರಿಕೆ ಅವರಿಗೆ ಮೊದಲ ಸಲ ಹತ್ತಿತು.

ಹಾಗೇ ಒಂದು ವಾರ ಕಳೆಯಿತು. ಒಂದು ಬೆಳಿಗ್ಗೆ ದೇವಕಿ ಸೊಪ್ಪು ಬಿಡಿಸುತ್ತಾ ಕೇಳಿದರು. "ರೀ, ಆ ಮಗು ಹೋಯ್ತಲ್ಲ, ಅದರ ತಾಯಿ ಆಮೇಲೆ ಏನ್ ಮಾಡಿದ್ಲು?"

"ಯಾವ ತಾಯಿ?"

"ಆ ಹ್ಯಾನಾ. ನೀವು ಬರ್ಕೊಂಡ ಹಾಳೇಲಿ ನೋಡ್ದೆ. ಅವಳ ಹೆಸರು ಒಂದಿನಾನೂ ನೀವು ಬಾಯಲ್ಲಿ ಎತ್ಲಿಲ್ಲ. ಬರೀ ಗಂಡಸರನ್ನೇ ಹುಡುಕಿದ್ರಿ."

ಮಾತಾಡಲು ಒಬ್ಬರಾದರೂ ಇದ್ದಾರಲ್ಲ ಎಂಬ ಸಮಾಧಾನಕ್ಕೇ ಸೂರ್ಯನಾರಾಯಣರು ಲ್ಯಾಪ್‌ಟಾಪು ತೆರೆದರು. ಕ್ರ್ಯಾಬ್‌ಟ್ರೀ ತವರಿನವಳಿಗೆ ಆಮೇಲೆ ಹುಟ್ಟಿದ ಮಕ್ಕಳನ್ನು ಹುಡುಕಿದರು. 1891ರ ಕೊನೆಯಲ್ಲಿ, ಗಣತಿ ಮುಗಿದ ಮೇಲೆ, ಒಂದು ಗಂಡು. ಹೆಸರು ಜೋಸೆಫ್ ಹೋಲ್ಡನ್.

ಗುಮಾಸ್ತ ಎರಡು ಸಲ ಬರೆದಿದ್ದಾನೆ ಎಂದುಕೊಂಡರು. ಆಮೇಲೆ 1901ರ ಗಣತಿ ತೆಗೆದರು. ಅದೇ ಬೀದಿ, ಅದೇ ಏಮಸ್, ಅದೇ ಹ್ಯಾನಾ, ಪಕ್ಕದಲ್ಲಿ ಮಗ ಜೋಸೆಫ್, ವಯಸ್ಸು ಒಂಬತ್ತು. ಮದುವೆಯ ದಿನ ಅವನಿಗೆ ಸರಿಯಾಗಿ ಇಪ್ಪತ್ತೇಳು. ಎಲ್ಲೂ ಹೆಡ್‌ಮಾಸ್ತರು ಇರಲಿಲ್ಲ.

ಮೊದಲ ಸಲ ಸೂರ್ಯನಾರಾಯಣರು ತಾವಾಗಿಯೇ ಮಾರ್ಟಿನ್‌ಗೆ ಫೋನು ಮಾಡಿದರು. ಅವನಿಗೆ ಇದೇನೂ ವಿಚಿತ್ರ ಅನ್ನಿಸಲಿಲ್ಲ. "ಆಗೆಲ್ಲ ಹಾಗೆ ಮಾಡುತ್ತಿದ್ದರು ಅಂಕಲ್. ಮಗು ಸತ್ತರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರು. ಹೆಸರು ಮನೆಯಲ್ಲಿ ಉಳಿಯಲಿ ಅಂತ. ಸಾಮಾನ್ಯ ಲಾ," ಎಂದ, ಮಲೇಷ್ಯಾದವರ ಹಾಗೆ ಕೊನೆಗೊಂದು ಲಾ ಸೇರಿಸಿ.

ಸೂರ್ಯನಾರಾಯಣರು ಫೋನಿಟ್ಟು ದೇವಕಿಗೆ ಹೇಳಿದರು. "ಸತ್ತ ಮಗುವಿನ ಹೆಸರನ್ನೇ ಇಡ್ತಾರಂತೆ ಕಣೆ! ನಮ್ಮಲ್ಲಿ ಯಾರಾದ್ರೂ ಇಟ್ಟಾರಾ? ನನಗೆ ಹೇಗೆ ಹೊಳೀಬೇಕು ಇದು?"

ದೇವಕಿಯ ಕೈ ಸೊಪ್ಪಿನ ಮೇಲೆ ನಿಂತಿತು.

ಭವ್ಯಶ್ರೀಗಿಂತ ಮುಂಚೆ ಅವರಿಗೊಂದು ಹೆಣ್ಣುಮಗುವಿತ್ತು. ಮೆದುಳುಜ್ವರ ಬಂದು ಎರಡು ದಿನದಲ್ಲಿ ಹೋಯಿತು, ಆಗಷ್ಟೇ ಓಡಾಡಲು ಕಲಿತಿತ್ತು. ಸೂರ್ಯನಾರಾಯಣರು ಮಗುವಿನ ಫೋಟೋ, ಬಟ್ಟೆ ಎಲ್ಲ ತೆಗೆಸಿ, ಆ ಹೆಸರು ಇನ್ನು ಈ ಮನೆಯಲ್ಲಿ ಬೇಡ ಎಂದಿದ್ದರು. ಹೆಂಡತಿಯ ಅಳು ನೋಡಲಾರದೆ ಹೇಳಿದ ಮಾತು ಅದು. ಹೇಳಿದ ಮೇಲೆ ಹಿಂತೆಗೆದುಕೊಳ್ಳಲು ಗೊತ್ತಾಗಲಿಲ್ಲ. ಭವ್ಯಶ್ರೀಗೆ ಒಬ್ಬ ಅಕ್ಕ ಇದ್ದಳೆಂದು ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ಕೇಳಿ, ಹೋಗಿ ಓದಿಕೋ ಎನ್ನಿಸಿಕೊಂಡಿದ್ದಳು.

"ಪುಣ್ಯವಂತೆ," ಎಂದರು ದೇವಕಿ ಕೊನೆಗೆ. "ಊಟಕ್ಕೆ ಬಾ ಅಂತ ಕರೆದಿರ್ತಾಳೆ. ಸ್ಕೂಲಿಗೆ ಹೊತ್ತಾಯ್ತು ಅಂತ ಕರೆದಿರ್ತಾಳೆ. ಬೈಯೋವಾಗ್ಲೂ ಅದೇ ಹೆಸರು. ದಿನಾ ಬಾಯಲ್ಲಿ ಇತ್ತು ಅವಳಿಗೆ. ನಂಗೆ ನೀವು ಒಂದ್ಸಲಾನೂ ಬಿಡ್ಲಿಲ್ಲ."

ಬೈಗುಳವಾಗಿದ್ದರೆ ಸೂರ್ಯನಾರಾಯಣರು ಉತ್ತರ ಕೊಡುತ್ತಿದ್ದರು. ದೇವಕಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಹೊಟ್ಟೆಕಿಚ್ಚಿತ್ತು, ನೂರು ವರ್ಷದ ಹಿಂದೆ ಸತ್ತುಹೋದ ನೇಕಾರರ ಮನೆಯ ಒಬ್ಬ ಹೆಂಗಸಿನ ಮೇಲೆ. ಸೂರ್ಯನಾರಾಯಣರಿಗೆ ನಾಚಿಕೆಯಾಯಿತು, ದುಃಖವೂ ಆಯಿತು. ಹೆಂಡತಿಯ ಮುಂದಿದ್ದ ಸೊಪ್ಪಿನ ಕಟ್ಟು ಎಳೆದುಕೊಂಡು ತಾವೂ ಬಿಡಿಸಲು ಕೂತರು.

ಸಂಜೆ ಮಗಳ ಬಾಗಿಲು ತಟ್ಟಿದರು. "ಮೂರನೇ ಹೆಸರು ಸರಿಯಾಗೇ ಇದೆ ಕಣಮ್ಮ. ನಾನೇ ತಪ್ಪು ಓದಿದ್ದೆ. ಕೂರ್ತೀನಿ."

ಜೂನ್‌ನಲ್ಲಿ ರಾಜ್ಯದ ಗಡಿಗಳು ತೆರೆದವು. ಜುಲೈನಲ್ಲಿ ಫ್ಲ್ಯಾಟಿನ ಹಾಲಿನಲ್ಲೇ ಮದುವೆ. ದೇವಸ್ಥಾನದ ಅರ್ಚಕರು ಸಿಗಲಿಲ್ಲ, ಮೈಸೂರಿನಿಂದ ನರಹರಿ ಜೋಯಿಸರು ಫೋನಿನ ಪರದೆಯಲ್ಲಿ ಕೂತು ಮಂತ್ರ ಹೇಳಿದರು. ಮಾರ್ಟಿನ್ ಪಂಚೆಯ ಮೇಲೆ ಬೆಲ್ಟು ಬಿಗಿದುಕೊಂಡು ಬಂದಿದ್ದ. ಪೀಟರ್, ಫ್ರ್ಯಾಂಕ್, ಜೋಸೆಫ್ ಮೂವರೂ ಜೋಯಿಸರ ಬಾಯಲ್ಲಿ ಸಂಸ್ಕೃತದ ವಿಭಕ್ತಿ ಹಚ್ಚಿಕೊಂಡು ಸಲೀಸಾಗಿ ಬಂದರು. ಸೂರ್ಯನಾರಾಯಣರು ಮಗಳ ಕೈಯನ್ನು ಅಳಿಯನ ಕೈಯಲ್ಲಿಟ್ಟರು. ದೇವಕಿ ನೀರಿನ ತಂಬಿಗೆ ಹಿಡಿದು ಪಕ್ಕದಲ್ಲಿ ನಿಂತಿದ್ದರು.

"ಯಜಮಾನ್ರೆ, ಸಂಕಲ್ಪಕ್ಕೆ ಹೇಳ್ಬೇಕು," ಎಂದರು ಜೋಯಿಸರು. "ಹುಡುಗಿ ನಿಮಗೆ ಜ್ಯೇಷ್ಠ ಪುತ್ರಿ ತಾನೆ?"

ಹೌದು ಎಂದರೆ ಮುಗಿದುಹೋಗುತ್ತಿತ್ತು. ಸೂರ್ಯನಾರಾಯಣರು ಹೌದು ಎನ್ನಲಿಲ್ಲ.

"ಅಲ್ಲ. ಇವಳು ದ್ವಿತೀಯ ಪುತ್ರಿ," ಎಂದರು. "ಜ್ಯೇಷ್ಠ ಪುತ್ರಿ ಪೂರ್ವಿ."

ಭವ್ಯಶ್ರೀ ತಿರುಗಿ ಅಪ್ಪನ ಮುಖ ನೋಡಿದಳು. ಫೋನಿನಲ್ಲಿ ಜೋಯಿಸರ ಚಿತ್ರ ಒಂದು ಗಳಿಗೆ ನಿಂತು, ಮತ್ತೆ ಅಲುಗಾಡಿತು. "ನೆಟ್‌ವರ್ಕ್ ಸರಿಯಿಲ್ಲ, ಕೇಳಿಸ್ಲಿಲ್ಲ. ಮೊದಲನೆಯವಳ ಹೆಸರು ಏನಂದ್ರಿ?"

ಸೂರ್ಯನಾರಾಯಣರು ಬಾಯಿ ತೆರೆದರು. ಎರಡನೆಯ ಸಲ ದನಿ ಹೊರಡಲಿಲ್ಲ. ಆಗ ದೇವಕಿ ತಂಬಿಗೆ ಹಿಡಿದುಕೊಂಡೇ ಫೋನಿನ ಹತ್ತಿರ ಬಗ್ಗಿ, ಬೀದಿಯಲ್ಲಿ ಆಡುತ್ತಿರುವ ಮಗುವನ್ನು ಮನೆಯೊಳಕ್ಕೆ ಕರೆಯುವವರ ಹಾಗೆ, ಗಟ್ಟಿಯಾಗಿ ಕೂಗಿದರು.

"ಪೂರ್ವೀ!"